ಅರ ಹಿಡಿಯದ ಕೈಗೆ ಮೈಕ್ರಾನ್ ದಕ್ಕದು

ಯಂತ್ರ ಒಳ್ಳೆಯದಿದ್ದರೆ ಕೆಲಸ ತಾನಾಗಿಯೇ ನಿಖರವಾಗುತ್ತದೆ ಎಂಬ ನಂಬಿಕೆ ನಮ್ಮ ಕಾಲದಲ್ಲಿ ಗಟ್ಟಿಯಾಗಿ ಬೇರೂರಿದೆ. ಅದನ್ನು ಪ್ರಶ್ನಿಸಿದವರನ್ನು ಹಳೇ ಕಾಲದವರೆಂದು ಬದಿಗೆ ಸರಿಸಿಬಿಡುತ್ತಾರೆ. ಲೇತ್ ಹಳೆಯದಾಯಿತೆ, ಸಿಎನ್‌ಸಿ ತನ್ನಿ. ಮೂರು ಅಕ್ಷ ಸಾಲದೆ, ಐದು ಅಕ್ಷದ್ದು ತನ್ನಿ. ಹುಡುಗರ ಕೈಗೆ ಅರ ಕೊಟ್ಟು ಉಕ್ಕು ಉಜ್ಜಿಸುತ್ತ ಕೂರಬೇಡಿ, ಅದು ಮುಗಿದ ಕಾಲದ ವಿದ್ಯೆ. ಈ ಮಾತನ್ನು ಪೀಣ್ಯದ ಶೆಡ್ಡುಗಳಲ್ಲಿ ಕೇಳಬಹುದು. ಅಮೆರಿಕದಲ್ಲಿ ತಮ್ಮ ರೈಫಲ್ಲನ್ನು ತಾವೇ ಕಟ್ಟಿಕೊಳ್ಳಲು ಹೊರಟ ಹವ್ಯಾಸಿಗಳ ಬಾಯಲ್ಲೂ ಕೇಳಬಹುದು. ಎರಡೂ ಕಡೆ ಇದು ತಪ್ಪು ಎಂದು ನಾನು ವಾದಿಸುತ್ತೇನೆ.

ವಾದಕ್ಕೆ ನಾನು ಆರಿಸಿಕೊಂಡಿರುವುದು ರೈಫಲ್ಲಿನ ಚರಿತ್ರೆಯನ್ನು. ಬಂದೂಕನ್ನು ಹೊಗಳುವ ಉದ್ದೇಶ ನನಗಿಲ್ಲ. ಆದರೆ ಲೋಹವನ್ನು ಕೂದಲೆಳೆಯ ಅಳತೆಗೆ ಕಡೆಯುವ ವಿದ್ಯೆಯ ಬಹುಪಾಲು ಬೆಳೆದದ್ದು ಬಂದೂಕಿನ ಕಾರ್ಖಾನೆಗಳಲ್ಲೇ. ಹೊಲಿಗೆ ಯಂತ್ರ, ಸೈಕಲ್, ಟೈಪ್‌ರೈಟರ್, ಕಾರು ಇವೆಲ್ಲ ಆ ವಿದ್ಯೆಯನ್ನು ಆಮೇಲೆ ಅಲ್ಲಿಂದ ಪಡೆದುಕೊಂಡವು. ಜೊತೆಗೆ, ನಿಖರತೆಯ ಬಗೆಗಿನ ಅತಿ ದೊಡ್ಡ ಸುಳ್ಳು ಹುಟ್ಟಿದ್ದೂ ಅಲ್ಲೇ. ನಮ್ಮ ಓದುಗರಿಗೆ ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಭಾರತದಲ್ಲಿ ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದು ಅಪರಾಧ. ಕೊಡಗಿನವರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೇ ಹೊರತು ಮಾಡುವುದಕ್ಕಲ್ಲ. ಹಾಗಾಗಿ ರೈಫಲ್ ಕಟ್ಟುವ ಕಸುಬಿನ ಮಾತು ಇಲ್ಲಿ ಅಮೆರಿಕ, ಇಂಗ್ಲೆಂಡುಗಳದ್ದು. ನಿಖರತೆಯನ್ನು ಕಲಿಯುವ ಪ್ರಶ್ನೆ ಮಾತ್ರ ಬೆಂಗಳೂರಿನದೂ ಹೌದು.

ಅಮೆರಿಕದಲ್ಲಿ ಬೆಂಚ್‌ರೆಸ್ಟ್ ಎಂಬ ಸ್ಪರ್ಧೆಯಿದೆ. ರೈಫಲ್ಲನ್ನು ಮೇಜಿನ ಮೇಲೆ ಮರಳು ಚೀಲಕ್ಕೆ ಒರಗಿಸಿ, ನೂರು ಅಥವಾ ಇನ್ನೂರು ಗಜ ದೂರದ ಕಾಗದಕ್ಕೆ ಐದು ಗುಂಡು ಹೊಡೆಯುತ್ತಾರೆ. ಕಾಗದದ ನಡುವಿಗೇ ಬೀಳಬೇಕೆಂಬ ಹಟ ಬಹುತೇಕ ಪಂದ್ಯಗಳಲ್ಲಿ ಇಲ್ಲ. ಐದು ತೂತುಗಳೂ ಒಂದರ ಮೇಲೊಂದು ಬೀಳಬೇಕು. ಒಳ್ಳೆಯ ಸ್ಪರ್ಧಿಗಳ ಐದು ಗುಂಡು ನೂರು ಗಜದಲ್ಲಿ ಕಾಲು ಇಂಚಿಗೂ ಕಡಿಮೆ ಜಾಗದಲ್ಲಿ ಕೂರುತ್ತವೆ. ಇಂಥ ರೈಫಲ್ ಕಾರ್ಖಾನೆಯಿಂದ ಸಿದ್ಧವಾಗಿ ಬರುವುದು ಅಪರೂಪ. ನಳಿಗೆ ಒಬ್ಬರದು, ಗುಂಡು ತುಂಬಿ ಸಿಡಿಸುವ ಆಕ್ಷನ್ ಇನ್ನೊಬ್ಬರದು, ಮರದ ಅಥವಾ ಫೈಬರಿನ ಹಿಡಿ ಮತ್ತೊಬ್ಬರದು. ಗನ್‌ಸ್ಮಿತ್ ಇವನ್ನು ಲೇತಿನಲ್ಲಿ ಒಂದಕ್ಕೊಂದು ಹೊಂದಿಸುತ್ತಾನೆ. ಕಸುಬಿನ ಜೀವ ಇರುವುದು ಆ ಹೊಂದಿಸುವುದರಲ್ಲಿ.

ಅಲ್ಲಿ ಎದುರಾಗುವ ಕಷ್ಟ ಏನೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಉದ್ದವಾದ ಉಕ್ಕಿನ ಸರಳಿನಲ್ಲಿ ಕೊರೆದ ತೂತು ಪೂರ್ತಿ ನೆಟ್ಟಗಿರುವುದಿಲ್ಲ. ಎಷ್ಟೇ ಒಳ್ಳೆಯ ಡ್ರಿಲ್ ಆದರೂ ಒಳಗೆ ಹೋಗುತ್ತ ಹೋಗುತ್ತ ಒಂಚೂರು ವಾಲುತ್ತದೆ. ನಳಿಗೆಯ ಹೊರಮೈಯನ್ನು ಲೇತಿನ ಚಕ್ಕಿನ ದವಡೆಗಳಲ್ಲಿ ಕಚ್ಚಿಸಿ ತಿರುಗಿಸಿದರೆ ಹೊರಮೈ ನುಣ್ಣಗೆ ಸುತ್ತುತ್ತದೆ, ಒಳಗಿನ ತೂತು ಮಾತ್ರ ಅಡ್ಡಾಡುತ್ತದೆ. ಕಣ್ಣಿಗೆ ಏನೂ ಕಾಣಿಸುವುದಿಲ್ಲ. ಡಯಲ್ ಗೇಜಿನ ಕಡ್ಡಿಯನ್ನು ತೂತಿನೊಳಗೆ ತಾಗಿಸಿ ಚಕ್ಕನ್ನು ಕೈಯಿಂದ ನಿಧಾನ ತಿರುಗಿಸಿದಾಗ ಮುಳ್ಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತದೆ. ಒಂದು ದವಡೆ ಸಡಿಲಿಸಿ ಎದುರಿನದನ್ನು ಬಿಗಿ ಮಾಡಿದರೆ ಮುಳ್ಳಿನ ಓಲಾಟ ಕಮ್ಮಿಯಾಗುತ್ತದೆ. ಇನ್ನೊಂದು ಜಾಗದಲ್ಲಿ ನೋಡಿದರೆ ಮತ್ತೆ ಓಲಾಡುತ್ತದೆ. ಇಲ್ಲಿ ಸರಿಮಾಡಿದರೆ ಅಲ್ಲಿ ಕೆಡುತ್ತದೆ. ಗಂಟೆಗಟ್ಟಲೆ ಹಿಡಿಯಬಹುದಾದ ಈ ಕೆಲಸದಲ್ಲಿ ಲೋಹದ ಒಂದು ಚೂರೂ ಕಡಿದಿರುವುದಿಲ್ಲ. ಯಂತ್ರ ಇನ್ನೂ ಓಡಿಯೇ ಇಲ್ಲ.

ಹೊಸಬ ಸೋಲುವುದು ಇಲ್ಲೇ. ಮುಳ್ಳು ಅರ್ಧ ಗೆರೆ ಆಡುತ್ತಿದೆ, ನಡೆಯುತ್ತೆ ಬಿಡು ಎಂದು ಸ್ವಿಚ್ ಒತ್ತುತ್ತಾನೆ. ಅವನ ಲೇತ್ ಲಕ್ಷಾಂತರ ರೂಪಾಯಿಯದ್ದಾಗಿರಬಹುದು. ಆ ಅರ್ಧ ಗೆರೆಯ ತಪ್ಪನ್ನು ಅದು ಸರಿಪಡಿಸುವುದಿಲ್ಲ. ಕೊಟ್ಟ ತಪ್ಪನ್ನೇ ಬಹಳ ನಿಷ್ಠೆಯಿಂದ, ಬಹಳ ನುಣುಪಾಗಿ ಉಕ್ಕಿನಲ್ಲಿ ಕೂರಿಸುತ್ತದೆ.

ಸುಳ್ಳಿನ ಮಾತಿಗೆ ಬರುತ್ತೇನೆ. ಬಿಡಿಭಾಗಗಳು ಒಂದಕ್ಕೊಂದು ಬದಲಿಯಾಗಿ ಕೂರುವಂತೆ ಯಂತ್ರದಿಂದ ತಯಾರಿಸುವ ಪದ್ಧತಿಯನ್ನು ಈಲೈ ವಿಟ್ನಿ ಕಂಡುಹಿಡಿದ ಎಂದು ಅಮೆರಿಕದ ಶಾಲಾ ಪುಸ್ತಕಗಳು ತಲೆಮಾರುಗಳವರೆಗೆ ಹೇಳಿಕೊಂಡು ಬಂದವು. ಹತ್ತಿ ಬಿಡಿಸುವ ಜಿನ್ ಯಂತ್ರ ಮಾಡಿದ್ದ ವಿಟ್ನಿ 1798ರಲ್ಲಿ ಸರ್ಕಾರಕ್ಕೆ ಹತ್ತು ಸಾವಿರ ಮಸ್ಕೆಟ್ ಕೊಡುವ ಗುತ್ತಿಗೆ ಹಿಡಿದ. ಎರಡು ವರ್ಷದಲ್ಲಿ ಕೊಡಬೇಕಾಗಿತ್ತು. ತನ್ನ ಯಂತ್ರಗಳ ಮುಂದೆ ಕುಶಲಿಗಳ ಕೈಚಳಕ ಬೇಡವೇ ಬೇಡ ಎಂಬುದು ಅವನ ವಾದದ ತಿರುಳು. 1801ರಲ್ಲಿ ರಾಜಧಾನಿಯ ದೊಡ್ಡವರ ಮುಂದೆ ಬಂದೂಕಿನ ಕುದುರೆಯ ಭಾಗಗಳನ್ನು ಅದಲುಬದಲು ಮಾಡಿ ಜೋಡಿಸಿ ತೋರಿಸಿದ. ಜೆಫರ್ಸನ್ ಮೆಚ್ಚಿದ. ಕೊನೆಯ ಮಸ್ಕೆಟ್ ಸರ್ಕಾರದ ಕೈಸೇರಿದ್ದು 1809ರಲ್ಲಿ. 1960ರಲ್ಲಿ ರಾಬರ್ಟ್ ವುಡ್‌ಬರಿ ಎಂಬ ಇತಿಹಾಸಕಾರ ಈ ಕಥೆಯ ಹೂರಣ ಬಿಚ್ಚಿಟ್ಟ. ಉಳಿದಿರುವ ವಿಟ್ನಿ ಮಸ್ಕೆಟ್ಟುಗಳನ್ನು ಬಿಚ್ಚಿ ನೋಡಿದರೆ ಒಂದರ ಭಾಗ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಯಾವ ತುಂಡು ಯಾವ ಬಂದೂಕಿನದೆಂದು ಗುರುತು ಹಾಕಿಟ್ಟದ್ದೂ ಇದೆ. ಪರಸ್ಪರ ಬದಲಿಯಾಗುವ ಭಾಗಗಳಿಗೆ ಅಂಥ ಗುರುತು ಏಕೆ ಬೇಕು?

ವುಡ್‌ಬರಿಯ ಆ ಲೇಖನ ಬಂದು ಆರು ದಶಕ ದಾಟಿದರೂ ವಿಟ್ನಿಯ ಕಥೆ ಇಂದಿಗೂ ಓಡಾಡುತ್ತಿದೆ. ಅದು ಸಾಯದಿರುವುದಕ್ಕೆ ಕಾರಣವಿದೆ ಎಂದು ನನಗನ್ನಿಸುತ್ತದೆ. ಒಬ್ಬ ಜಾಣ, ಒಂದು ಯಂತ್ರ, ಒಂದು ಪ್ರದರ್ಶನ, ಅಲ್ಲಿಗೆ ಮನುಷ್ಯನ ಕೈಯ ಕೆಲಸ ಮುಗಿಯಿತು. ಬಂಡವಾಳ ಹಾಕುವವರಿಗೆ ಇದಕ್ಕಿಂತ ಹಿತವಾದ ಕಥೆ ಬೇರೆ ಸಿಗದು.

ಕೆಲಸವನ್ನು ನಿಜವಾಗಿ ಸಾಧಿಸಿದವನು ಜಾನ್ ಹಾಲ್. ಅವನ ಹೆಸರು ಕೇಳಿದವರು ಕಡಿಮೆ. ವರ್ಜೀನಿಯದ ಹಾರ್ಪರ್ಸ್ ಫೆರಿಯ ಸರ್ಕಾರಿ ಶಸ್ತ್ರಾಗಾರದಲ್ಲಿ ತಾನೇ ರೂಪಿಸಿದ ರೈಫಲ್ಲನ್ನು ತಯಾರಿಸುವ ಗುತ್ತಿಗೆ 1819ರಲ್ಲಿ ಅವನಿಗೆ ಸಿಕ್ಕಿತು. ವರ್ಷಗಟ್ಟಲೆ ಸಮಯ ಹಿಡಿಯಿತು, ಹಣ ಖರ್ಚಾಯಿತು, ಟೀಕೆ ಬಂತು. 1827ರ ಹೊತ್ತಿಗೆ ತಪಾಸಣೆಗೆ ಬಂದ ಸಮಿತಿ ರೈಫಲ್ಲುಗಳನ್ನು ಬಿಚ್ಚಿ, ಭಾಗಗಳನ್ನು ಕಲಸಿ, ಮತ್ತೆ ಜೋಡಿಸಿ ನೋಡಿ, ಇಂಥದ್ದನ್ನು ಹಿಂದೆ ಕಂಡಿಲ್ಲವೆಂಬ ಅರ್ಥದ ವರದಿ ಕೊಟ್ಟಿತು. 1834ರಲ್ಲಿ ಸಿಮಿಯನ್ ನಾರ್ತ್ ಎಂಬಾತ ಕನೆಕ್ಟಿಕಟ್ಟಿನಲ್ಲಿ ಮಾಡಿದ ಭಾಗಗಳು ದೂರದ ಹಾರ್ಪರ್ಸ್ ಫೆರಿಯ ರೈಫಲ್ಲಿಗೆ ಕೂತವು. ನನ್ನ ಮಟ್ಟಿಗೆ ಆಧುನಿಕ ಕಾರ್ಖಾನೆ ಹುಟ್ಟಿದ್ದು ಆವತ್ತು.

ಹಾಲ್ ಮಾಡಿಸಿದ ಯಂತ್ರಗಳು ಒಳ್ಳೆಯವೇ. ಆದರೆ ಅವನ ದೊಡ್ಡತನ ಅಳತೆಯಲ್ಲಿತ್ತು. ಒಂದು ರೈಫಲ್ಲಿನ ಭಾಗಗಳನ್ನು ಪರೀಕ್ಷಿಸಲು ಅರವತ್ತಕ್ಕೂ ಹೆಚ್ಚು ಗೇಜುಗಳನ್ನು ಮಾಡಿಸಿದ. ಅದಕ್ಕಿಂತ ಮುಖ್ಯವಾದ ಇನ್ನೊಂದು ನಿಯಮ ಅವನಿಗೆ ಹೊಳೆದಿತ್ತು. ಒಂದು ತುಂಡಿನ ಎಲ್ಲ ಅಳತೆಗಳನ್ನೂ ಒಂದೇ ಜಾಗದಿಂದ ತೆಗೆಯಬೇಕು. ಮೊದಲ ತೂತಿನಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಎಂದು ಅಳೆಯುತ್ತ ಹೋದರೆ ಪ್ರತಿ ಹೆಜ್ಜೆಯ ಚಿಕ್ಕ ತಪ್ಪು ಮುಂದಿನದಕ್ಕೆ ಸೇರುತ್ತದೆ, ಹತ್ತನೆಯ ತೂತಿಗೆ ಬರುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಎಲ್ಲವನ್ನೂ ಒಂದೇ ಬಿಂದುವಿನಿಂದ ಅಳೆದರೆ ಯಾರ ತಪ್ಪು ಯಾರಿಗೂ ಅಂಟುವುದಿಲ್ಲ. ಇಂದು ಡಿಪ್ಲೊಮಾ ಓದುವ ಹುಡುಗರಿಗೆ ಇದನ್ನು ಡೇಟಮ್ ಎಂದು ಕಲಿಸುತ್ತಾರೆ. ಹಾಳೆಯ ಮೇಲೆ ಒಂದು ಗುರುತಾಗಿ ಅದನ್ನು ಕಲಿತವರು ಬಹಳ ಜನ. ಅದರ ಬೆಲೆ ತಿಳಿಯುವುದು ಕೈಯಾರೆ ಒಂದು ತುಂಡನ್ನು ಕೆಡಿಸಿಕೊಂಡಾಗ.

ಸರಿ, ಹಾಲ್ ನಂತರವಾದರೂ ಯಂತ್ರ ಕೈಯನ್ನು ಓಡಿಸಿತೆ? ಇದಕ್ಕೆ ಉತ್ತರ ಹುಡುಕಿದವರು ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಗಾರ್ಡನ್. ಲೋಹಶಾಸ್ತ್ರ ಬಲ್ಲ ಅವರು ಕಾಗದಪತ್ರಗಳನ್ನಷ್ಟೇ ನಂಬಲಿಲ್ಲ. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ತಯಾರಾದ ಬಂದೂಕುಗಳ ಕುದುರೆಯ ಒಳಭಾಗಗಳನ್ನೇ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವುಗಳ ಮೈಮೇಲಿನ ಗೆರೆಗಳನ್ನು ಓದಿದರು. ಮಿಲ್ಲಿಂಗ್ ಕಟ್ಟರ್ ಬಿಡುವ ಗೆರೆಯೇ ಬೇರೆ, ಅರ ಬಿಡುವ ಗೆರೆಯೇ ಬೇರೆ. 1988ರಲ್ಲಿ ಅವರು ಪ್ರಕಟಿಸಿದ ಲೇಖನದ ಸಾರ ಇಷ್ಟು: ಯಂತ್ರ ತುಂಡನ್ನು ಸುಮಾರು ಆಕಾರಕ್ಕೆ ತಂದು ಬಿಡುತ್ತಿತ್ತು. ಕೊನೆಯ ಅಳತೆ, ಒಂದು ಭಾಗ ಇನ್ನೊಂದರ ಜಾಗದಲ್ಲಿ ಕೂರುವ ಆ ಅಳತೆ, ಗೇಜನ್ನು ಪಕ್ಕದಲ್ಲಿಟ್ಟುಕೊಂಡು ಅರ ಹಾಕುತ್ತಿದ್ದ ಕೆಲಸಗಾರರ ಕೈಯಿಂದ ಬರುತ್ತಿತ್ತು. ದಶಕಗಳು ಕಳೆದಂತೆ ಆ ಅರದ ಕೆಲಸ ಇನ್ನೂ ಬಿಗಿಯಾಯಿತು. ಕೈಯ ಕುಶಲತೆ ಕುಂದಿದ ಮೇಲೆ ನಿಖರತೆ ಬಂತು ಎಂಬ ಪಾಠ ತಲೆಕೆಳಗಾಗಿತ್ತು. ಕೈಯ ಕುಶಲತೆ ಏರಿದ್ದರಿಂದಲೇ ನಿಖರತೆ ಬಂದಿತ್ತು.

ಗಾರ್ಡನ್ ಅವರ ಈ ಕೆಲಸ ನನಗೆ ಬಹಳ ಪ್ರಿಯವಾದದ್ದು. ಹೆಸರಿಲ್ಲದೆ ಹೋದ ನೂರಾರು ಜನರ ಕೈಬರಹವನ್ನು ಉಕ್ಕಿನ ಮೇಲೆ ಓದಿ ಅವರ ಪಾಲನ್ನು ಅವರಿಗೆ ಕೊಟ್ಟ ಕೆಲಸ ಅದು. ಗುತ್ತಿಗೆಯ ಕಾಗದದಲ್ಲಿ ವಿಟ್ನಿಯ ಸಹಿ ಇದೆ, ತುಂಡಿನ ಮೇಲೆ ಇವರ ಸಹಿ ಇದೆ.

ಯಂತ್ರದ ಪರ ವಾದಿಸುವವರು ಇಲ್ಲಿ ಒಂದು ಮಾತು ಎತ್ತುತ್ತಾರೆ. ಅದೆಲ್ಲ ಹತ್ತೊಂಬತ್ತನೆಯ ಶತಮಾನದ ಕಥೆ, ಆಗ ಯಂತ್ರ ಒರಟಾಗಿತ್ತು, ಈಗ ಮೈಕ್ರಾನ್ ಲೆಕ್ಕದಲ್ಲಿ ಕಡೆಯುತ್ತದೆ ಎನ್ನುತ್ತಾರೆ. ಹಾಗಾದರೆ ಆ ಯಂತ್ರಕ್ಕೆ ನಿಖರತೆ ಎಲ್ಲಿಂದ ಬಂತು ಎಂದು ಕೇಳಬೇಕಲ್ಲ. ತನ್ನ ಹಾಸು ಎಷ್ಟು ನೆಟ್ಟಗಿದೆಯೋ ಅಷ್ಟೇ ನೆಟ್ಟಗೆ ಲೇತ್ ಕಡೆಯುತ್ತದೆ. ಆ ಹಾಸನ್ನು ಕಡೆದ ಯಂತ್ರದ ಹಾಸು ನೆಟ್ಟಗಿರಬೇಕು. ಅದನ್ನು ಕಡೆದದ್ದು? ಹೀಗೆ ಹಿಂದೆ ಹಿಂದೆ ಹೋದರೆ ಮ್ಯಾಂಚೆಸ್ಟರಿನ ಜೋಸೆಫ್ ವಿಟ್ವರ್ತ್ ಎದುರಾಗುತ್ತಾನೆ.

ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್ಲಿಯ ಕಾರ್ಖಾನೆಯಲ್ಲಿ ಪಳಗಿದ ವಿಟ್ವರ್ತ್ ಪೂರ್ತಿ ಸಮತಟ್ಟಾದ ಲೋಹದ ಫಲಕವನ್ನು ಯಾವ ಮಾದರಿಯೂ ಇಲ್ಲದೆ ಮಾಡುವ ಉಪಾಯವನ್ನು ಪಕ್ಕಾ ಮಾಡಿದ. 1840ರಲ್ಲಿ ಗ್ಲಾಸ್ಗೋದ ವಿಜ್ಞಾನ ಸಭೆಯಲ್ಲಿ ಅದನ್ನು ವಿವರಿಸಿದ. ಎರಡು ಫಲಕಗಳನ್ನು ಒಂದಕ್ಕೊಂದು ತಾಳೆ ನೋಡುತ್ತ ತಿದ್ದಿದರೆ ಎರಡೂ ಚೆನ್ನಾಗಿ ಹೊಂದಿಕೊಳ್ಳುತ್ತವೆ, ಆದರೆ ಒಂದು ಉಬ್ಬಿ ಇನ್ನೊಂದು ತಗ್ಗಿರಬಹುದು. ಹೊಂದಿಕೆಯನ್ನಷ್ಟೇ ನೋಡುವವನಿಗೆ ಈ ಮೋಸ ಗೊತ್ತೇ ಆಗುವುದಿಲ್ಲ. ಮೂರನೆಯ ಫಲಕ ಬಂದರೆ ಮೋಸ ಬಯಲಾಗುತ್ತದೆ. ಒಂದನೆಯದು ಎರಡಕ್ಕೆ, ಎರಡನೆಯದು ಮೂರಕ್ಕೆ, ಮೂರನೆಯದು ಒಂದಕ್ಕೆ ಹೀಗೆ ಮೂರು ಜೋಡಿಯೂ ಹೊಂದಬೇಕಾದರೆ ಮೂರೂ ಸಮತಟ್ಟಾಗಿರುವುದೊಂದೇ ದಾರಿ. ಒಂದರ ಮೈಗೆ ತೆಳುವಾಗಿ ಬಣ್ಣ ಸವರಿ ಇನ್ನೊಂದನ್ನು ಅದರ ಮೇಲೆ ಆಡಿಸುತ್ತಾರೆ. ಬಣ್ಣ ಹತ್ತಿದ ಜಾಗ ಎತ್ತರದ್ದು. ಅಲ್ಲಿ ಮಾತ್ರ ಸ್ಕ್ರೇಪರಿನಿಂದ ಒಂದು ಎಳೆ ಕೆರೆಯುತ್ತಾರೆ. ಮತ್ತೆ ಬಣ್ಣ, ಮತ್ತೆ ಕೆರೆತ. ದಿನಗಟ್ಟಲೆ. ಬಣ್ಣದ ಚುಕ್ಕೆಗಳು ಫಲಕದ ತುಂಬ ಒತ್ತೊತ್ತಾಗಿ ಹರಡಿದಾಗ ಕೆಲಸ ಮುಗಿಯಿತು. ಜಗತ್ತಿನ ಸಮತಲಗಳಿಗೆಲ್ಲ ಮೂಲಪುರುಷನಂತಿರುವ ಈ ಫಲಕವನ್ನು ಮಾಡಿದ್ದು ಒಂದು ಕೈ, ಒಂದು ಚೂಪು ಉಕ್ಕು, ಜೊತೆಗೆ ಮೋಸಹೋಗಲು ಒಪ್ಪದ ಒಂದು ತರ್ಕ.

ಇದೇ ವಿಟ್ವರ್ತನನ್ನು 1854ರಲ್ಲಿ ಬ್ರಿಟಿಷ್ ಸರ್ಕಾರ ರೈಫಲ್ ಕೆಲಸಕ್ಕೆ ಕರೆಯಿತು. ಸೇನೆಯ ಎನ್‌ಫೀಲ್ಡ್ ರೈಫಲ್ಲುಗಳಲ್ಲಿ ಒಂದರ ಗುರಿ ಇನ್ನೊಂದರಂತೆ ಇರುತ್ತಿರಲಿಲ್ಲ. ಕಾರಣ ಯಾರಿಗೂ ಖಚಿತವಿರಲಿಲ್ಲ. ವಿಟ್ವರ್ತ್ ಮೊದಲು ರೈಫಲ್ ಮಾಡಲಿಲ್ಲ. ಮ್ಯಾಂಚೆಸ್ಟರಿನ ರಶ್‌ಹೋಮಿನ ತನ್ನ ಮನೆಯ ಜಾಗದಲ್ಲಿ ಐನೂರು ಗಜ ಉದ್ದದ ಮುಚ್ಚಿದ ಪಡಸಾಲೆಯೊಂದನ್ನು ಕಟ್ಟಿಸಿದ. ಒಳಗೆ ಗಾಳಿಯ ಕಾಟವಿಲ್ಲ. ಅಲ್ಲಿ ನಳಿಗೆಯ ತೂತಿನ ಅಗಲ, ಒಳಗಿನ ಸುರುಳಿಯ ತಿರುವು, ಗುಂಡಿನ ಉದ್ದ ಇವನ್ನು ಬದಲಿಸುತ್ತ ಪರೀಕ್ಷಿಸಿ, ಕೊನೆಗೆ 0.451 ಇಂಚಿನ ಷಟ್ಕೋನದ ತೂತನ್ನೂ 20 ಇಂಚಿಗೆ ಒಂದು ಸುತ್ತಿನ ತಿರುವನ್ನೂ ಗೊತ್ತುಮಾಡಿದ. 1857ರ ಪರೀಕ್ಷೆಯಲ್ಲಿ ಅವನ ರೈಫಲ್ ಎನ್‌ಫೀಲ್ಡನ್ನು ದೂರದ ಗುರಿಯಲ್ಲಿ ಬಹಳ ಹಿಂದೆ ಹಾಕಿತು. 1860ರಲ್ಲಿ ವಿಂಬಲ್ಡನ್ನಿನಲ್ಲಿ ರೈಫಲ್ ಸಂಘದ ಮೊದಲ ಪಂದ್ಯವನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದ್ದು ಸ್ಟ್ಯಾಂಡಿಗೆ ಕೂರಿಸಿದ ವಿಟ್ವರ್ತ್ ರೈಫಲ್ಲಿನ ದಾರ ಎಳೆದು. ನಾನೂರು ಗಜದಲ್ಲಿ ಗುಂಡು ಗುರಿಯ ನಡುವಿನಿಂದ ಒಂದೂಕಾಲು ಇಂಚಿನಷ್ಟೇ ಆಚೆ ಬಿತ್ತು. ಸೇನೆ ಆ ರೈಫಲ್ಲನ್ನು ತೆಗೆದುಕೊಳ್ಳಲಿಲ್ಲ. ಬೆಲೆ ಹೆಚ್ಚು, ಮದ್ದಿನ ಮಸಿ ಬೇಗ ಕಟ್ಟುತ್ತದೆ ಎಂಬುದು ಕಾರಣ, ಅದು ನ್ಯಾಯವಾದ ಕಾರಣವೇ. ನಾನು ಎತ್ತಿ ಹೇಳುತ್ತಿರುವುದು ಅವನು ಹಿಡಿದ ಕ್ರಮವನ್ನು. ತನಗೇನು ಗೊತ್ತಿಲ್ಲವೋ ಅದನ್ನು ಅಳೆಯುವ ವ್ಯವಸ್ಥೆ ಮೊದಲು, ಯಂತ್ರ ಆಮೇಲೆ.

ಈಗ ಇನ್ನೊಂದು ಕಡೆಯವರ ಮಾತಿಗೆ ಬರಬೇಕು. ಯಂತ್ರವನ್ನು ನಂಬುವವರ ಎದುರು ನಿಂತು ಕೈಯನ್ನು ಪೂಜಿಸುವವರೂ ಇದ್ದಾರೆ. ಕೈಗುಣ, ದೇವರು ಕೊಟ್ಟದ್ದು, ಹೇಳಿಕೊಟ್ಟು ಬರುವಂಥದ್ದಲ್ಲ ಎಂಬ ಮಾತು ಅವರದು. ಅಮೆರಿಕದ ರೈಫಲ್ ಲೋಕದಲ್ಲಿ ಹ್ಯಾರಿ ಪೋಪ್ ಸುತ್ತ ಹೆಣೆದಿರುವ ಕಥೆಗಳು ಇದೇ ಬಗೆಯವು. 1861ರಿಂದ 1950ರವರೆಗೆ ಬದುಕಿದ ಪೋಪ್ ನಳಿಗೆ ಮಾಡುವವರಲ್ಲಿ ದಂತಕಥೆ. ಜರ್ಸಿ ಸಿಟಿಯ ಇಕ್ಕಟ್ಟಾದ ಅಂಗಡಿಯಲ್ಲಿ ಒಂದೊಂದೇ ನಳಿಗೆಯನ್ನು ತನ್ನ ಪಾಡಿಗೆ ತಾನು ಕಡೆಯುತ್ತಿದ್ದ. ಗಿರಾಕಿಗಳು ಕಾಯುತ್ತಿದ್ದರು. ಅವನ ರಹಸ್ಯ ಅವನ ಜೊತೆಗೇ ಹೋಯಿತು ಎಂದು ಹೇಳುವುದು ವಾಡಿಕೆ.

ನನಗೆ ಈ ಮಾತೂ ಯಂತ್ರಭಕ್ತಿಯಷ್ಟೇ ಹಾನಿಕರ ಅನ್ನಿಸುತ್ತದೆ. ರಹಸ್ಯ ಎಂದೊಡನೆ ಕಲಿಯುವವನ ಹೊಣೆ ಇಳಿದುಹೋಗುತ್ತದೆ. ಪೋಪ್ ತೀರಿಕೊಂಡ ಮೇಲೂ ಅಮೆರಿಕದಲ್ಲಿ ಅವನಿಗಿಂತ ನಿಖರವಾದ ನಳಿಗೆಗಳು ಬಂದಿವೆ. ರಹಸ್ಯ ಹೋದದ್ದರಿಂದ ಕಸುಬು ನಿಲ್ಲಲಿಲ್ಲ. ಇಂದಿಗೂ ಸ್ಪರ್ಧೆಯ ನಳಿಗೆ ಮಾಡುವ ಹೆಸರಾಂತರು ಒಳಮೈಯನ್ನು ಕೈಯಿಂದ ಲ್ಯಾಪ್ ಮಾಡುತ್ತಾರೆ. ನಳಿಗೆಯೊಳಗೇ ಸೀಸ ಎರಕ ಹೊಯ್ದು, ಅದಕ್ಕೆ ಎಣ್ಣೆ ಬೆರೆಸಿದ ಸಾಣೆಪುಡಿ ಹಚ್ಚಿ, ಕಡ್ಡಿಯಿಂದ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾರೆ. ಎಲ್ಲಿ ತೂತು ಬಿಗಿಯಾಗಿದೆಯೋ ಅಲ್ಲಿ ಕಡ್ಡಿ ತಡೆಯುತ್ತದೆ. ಆ ತಡೆ ಅಂಗೈಗೆ ಗೊತ್ತಾಗುತ್ತದೆ. ಕೈಗೆ ತಿಳಿದದ್ದನ್ನು ಆಮೇಲೆ ಗಾಳಿ ಗೇಜು ಹಾಕಿ ಅಂಕಿಯಲ್ಲಿ ನೋಡಿಕೊಳ್ಳುತ್ತಾರೆ. ಕೈ ಹೇಳಿದ್ದೂ ಗೇಜು ಹೇಳಿದ್ದೂ ತಾಳೆಯಾಗುತ್ತ ಆಗುತ್ತ ಕೈ ಪಳಗುತ್ತದೆ. ಇದರಲ್ಲಿ ದೈವದತ್ತವಾದದ್ದೇನೂ ಇಲ್ಲ. ಲಂಡನ್ನಿನ ಹಳೆಯ ಬಂದೂಕು ಮನೆಗಳಲ್ಲಿ ಎಣ್ಣೆದೀಪದ ಮಸಿಯನ್ನು ಉಕ್ಕಿನ ತುಂಡಿಗೆ ಹಿಡಿಸಿ, ಜೋಡಿಸಿ, ಬಿಚ್ಚಿ, ಮಸಿ ತಾಗಿದ ಕಡೆ ಮಾತ್ರ ಅರ ಹಾಕುವುದನ್ನು ಹೊಸಬರಿಗೆ ಇಂದಿಗೂ ಕಲಿಸುತ್ತಾರೆ. ವರ್ಷಗಳು ಹಿಡಿಯುತ್ತವೆ, ಆದರೆ ಕಲಿಸುತ್ತಾರೆ, ಕಲಿಯುತ್ತಾರೆ. ಮ್ಯಾಂಚೆಸ್ಟರಿನ ಬಣ್ಣ, ಲಂಡನ್ನಿನ ಮಸಿ ಎರಡೂ ಮಾಡುವುದು ಒಂದೇ ಕೆಲಸ. ಕೈಗೆ ತನ್ನ ತಪ್ಪನ್ನು ತೋರಿಸುತ್ತವೆ.

ಎದುರು ವಾದಗಳಲ್ಲಿ ಬಲವಾದದ್ದು ಒಂದಿದೆ, ಅದನ್ನು ಬದಿಗಿಡುವುದು ಸರಿಯಲ್ಲ. ಅಮೆರಿಕದ ಕಾರ್ಖಾನೆಗಳು ಇಂದು ಸಾಧಾರಣ ಬೆಲೆಯ ಬೇಟೆ ರೈಫಲ್ಲಿಗೂ ನೂರು ಗಜಕ್ಕೆ ಒಂದು ಇಂಚಿನ ಆಸುಪಾಸಿನ ಭರವಸೆ ಕೊಟ್ಟು ಮಾರುತ್ತವೆ. ಐವತ್ತು ವರ್ಷದ ಹಿಂದೆ ಅದು ಒಳ್ಳೆಯ ಗನ್‌ಸ್ಮಿತ್ತಿನ ಹತ್ತಿರ ಮಾಡಿಸಿಕೊಳ್ಳಬೇಕಾದ ಕೆಲಸವಾಗಿತ್ತು. ಅಲ್ಲಿ ಯಂತ್ರದ ಮುಂದೆ ನಿಂತವನಿಗೆ ಅರ ಹಿಡಿಯಲು ಬಾರದೆ ಇರಬಹುದು. ಹಾಗಿದ್ದರೆ ಯಂತ್ರ ಗೆದ್ದಂತೆಯೇ ಅಲ್ಲವೆ?

ಗೆದ್ದಿದೆ, ಒಂದು ಮಟ್ಟದವರೆಗೆ. ಒಂದೇ ತುಂಡನ್ನು ಹತ್ತು ಸಾವಿರ ಸಲ ಮಾಡುವಾಗ, ಮೊದಲ ತುಂಡಿನ ಸೆಟ್ಟಿಂಗಿಗೆ ತಿಂಗಳುಗಟ್ಟಲೆ ಸಮಯ ಕೊಡಬಹುದು. ಆ ತಿಂಗಳುಗಳಲ್ಲಿ ಕೆಲಸ ಮಾಡಿದವರು ಫಿಕ್ಸ್ಚರ್ ಮಾಡುವವರು, ಗೇಜು ಮಾಡುವವರು, ಟೂಲ್‌ರೂಮಿನ ಮಂದಿ. ಆಪರೇಟರ್ ಗುಂಡಿ ಒತ್ತುವ ಹೊತ್ತಿಗೆ ನಿಖರತೆಯ ಕೆಲಸ ಮುಗಿದಿರುತ್ತದೆ. ಒಂದೇ ಒಂದು ರೈಫಲ್ ಕಟ್ಟುವವನಿಗೆ ಹತ್ತು ಸಾವಿರದ ಆಸರೆ ಇಲ್ಲ. ಅವನ ಮೊದಲ ತುಂಡೇ ಕೊನೆಯದು. ಅಚ್ಚು, ಡೈ, ವಿಮಾನದ ಬಿಡಿಭಾಗ, ಪ್ರಯೋಗಾಲಯಕ್ಕೆ ಒಂದೇ ಒಂದು ಉಪಕರಣ ಮಾಡಿಕೊಡುವ ನಮ್ಮ ಬೆಂಗಳೂರಿನ ಸಣ್ಣ ಕಾರ್ಖಾನೆಯವನ ಪಾಡೂ ಅದೇ.

ಅಂಥವನನ್ನು ಯಂತ್ರ ಹೇಗೆ ಕೈಬಿಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ತೆಳು ಗೋಡೆಯ ಉಂಗುರವೊಂದನ್ನು ಮೂರು ದವಡೆಯ ಚಕ್ಕಿನಲ್ಲಿ ಬಿಗಿಯಾಗಿ ಹಿಡಿದು ಒಳಗೆ ಬೋರಿಂಗ್ ಮಾಡಿ. ಸಿಎನ್‌ಸಿ ಅದನ್ನು ಅಚ್ಚುಕಟ್ಟಾದ ದುಂಡಗೆ ಕಡೆಯುತ್ತದೆ. ಯಂತ್ರದ ಮೇಲೇ ಪ್ರೋಬ್ ಹಾಕಿ ನೋಡಿದರೂ ದುಂಡಗೇ ಇದೆ. ದವಡೆ ಸಡಿಲಿಸಿದೊಡನೆ ಅದುಮಿಟ್ಟಿದ್ದ ಲೋಹ ಮೊದಲಿನ ಜಾಗಕ್ಕೆ ಮರಳುತ್ತದೆ, ತೂತು ಮುಕ್ಕೋನದ ಆಕಾರಕ್ಕೆ ತಿರುಗುತ್ತದೆ. ಈಗ ಎರಡು ಕಡೆ ತಾಗುವ ಮಾಮೂಲಿ ಗೇಜಿನಿಂದ ಅಳೆದರೆ ಎಲ್ಲ ದಿಕ್ಕಿನಲ್ಲೂ ಹೆಚ್ಚುಕಡಿಮೆ ಒಂದೇ ಅಳತೆ ಬರುತ್ತದೆ, ಏಕೆಂದರೆ ಮೂರು ಉಬ್ಬಿನ ಆಕಾರದಲ್ಲಿ ಒಂದು ಉಬ್ಬಿನ ಎದುರಿಗೆ ಯಾವಾಗಲೂ ಒಂದು ತಗ್ಗು ಇರುತ್ತದೆ. ಪ್ರೋಗ್ರಾಮ್ ಸರಿ, ಯಂತ್ರ ಸರಿ, ಅಳತೆಯೂ ಸರಿ, ಜಾಬ್ ಮಾತ್ರ ರಿಜೆಕ್ಟ್. ಲೋಹ ಬಾಗುತ್ತದೆ, ನೆನಪಿಟ್ಟುಕೊಳ್ಳುತ್ತದೆ, ಮರಳುತ್ತದೆ ಎಂಬುದು ಕೈಯಲ್ಲಿ ಕೆಲಸ ಮಾಡಿದವನಿಗೆ ಗೊತ್ತು. ಪರದೆಯ ಮೇಲೆ ಕಲಿತವನಿಗೆ ಲೋಹ ಬರಿಯ ಚಿತ್ರ.

ಶಾಖದ ವಿಷಯವೂ ಹಾಗೇ. ಉದ್ದದ ಅಳತೆಗೆ ಜಗತ್ತೆಲ್ಲ ಒಪ್ಪಿದ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ನೂರು ಮಿಲಿಮೀಟರಿನ ಉಕ್ಕಿನ ತುಂಡು ಹತ್ತು ಡಿಗ್ರಿ ಬಿಸಿಯಾದರೆ ಸುಮಾರು ಹನ್ನೊಂದು ಹನ್ನೆರಡು ಮೈಕ್ರಾನ್ ಉದ್ದವಾಗುತ್ತದೆ. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಈಗಷ್ಟೇ ಕಡೆದ ಬಿಸಿ ಜಾಬನ್ನು ಕೈಗೆತ್ತಿಕೊಂಡು ಐದು ಮೈಕ್ರಾನಿನ ಅಳತೆ ಬರೆದಿಡುವವನು ಸುಳ್ಳು ಬರೆಯುತ್ತಿದ್ದಾನೆ. ಸುಳ್ಳೆಂದು ಅವನಿಗೆ ಗೊತ್ತಿಲ್ಲ, ಅಷ್ಟೆ.

ಹಾಗಾದರೆ ಈ ವಿದ್ಯೆ ಶುರುವಾಗಬೇಕಾದದ್ದು ಎಲ್ಲಿಂದ? ಅರದಿಂದಲೇ ಎಂದು ಹೇಳುತ್ತೇನೆ. ಐಟಿಐ ಫಿಟ್ಟರ್ ವಿಭಾಗದಲ್ಲಿ ಇದು ಇಂದಿಗೂ ಪಾಠದಲ್ಲಿದೆ. ಬೆಂಚ್ ವೈಸಿನಲ್ಲಿ ಉಕ್ಕಿನ ತುಂಡು ಹಿಡಿದು ಒಂದು ಮೈಯನ್ನು ಸಮ ಮಾಡಬೇಕು, ಆಮೇಲೆ ಅದಕ್ಕೆ ಲಂಬವಾಗಿ ಪಕ್ಕದ ಮೈಯನ್ನು. ಮೊದಲ ದಿನಗಳಲ್ಲಿ ಎಲ್ಲರ ಕೆಲಸವೂ ನಡುವೆ ಉಬ್ಬುತ್ತದೆ, ಏಕೆಂದರೆ ಅರ ತಳ್ಳುವಾಗ ಕೈ ತೊಟ್ಟಿಲಿನಂತೆ ತೂಗುತ್ತದೆ. ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಅಂಚುಗಳಲ್ಲಿ ಬೆಳಕಿನ ಎಳೆ ನುಸುಳುತ್ತದೆ. ಕೆಲವೇ ಮೈಕ್ರಾನಿನ ಸಂದನ್ನೂ ಕಣ್ಣು ಹೀಗೆ ಹಿಡಿಯಬಲ್ಲದು. ಹುಡುಗ ಬೆಳಕನ್ನು ನೋಡುತ್ತಾನೆ, ಮತ್ತೆ ಅರ ಎತ್ತುತ್ತಾನೆ. ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು, ತೆಗೆದ ಲೋಹವನ್ನು ಮತ್ತೆ ಅಂಟಿಸಲಾಗದು ಎಂಬುದೆಲ್ಲ ಆ ಬೆಂಚಿನಲ್ಲಿ ಅವನ ಮೈಗೆ ಇಳಿಯುತ್ತದೆ. ತಪ್ಪಾದರೆ ಅದು ಅವನದೇ ತಪ್ಪು. ಪ್ರೋಗ್ರಾಮಿನದು, ಟೂಲಿನದು, ನೈಟ್ ಶಿಫ್ಟಿನವನದು ಎಂದು ದೂರಲು ಅಲ್ಲಿ ಬೇರೆ ಯಾರೂ ಇಲ್ಲ.

ಕೊಲೊರಾಡೊದ ಟ್ರಿನಿಡಾಡ್ ಕಾಲೇಜಿನಲ್ಲಿ 1947ರಿಂದ ಗನ್‌ಸ್ಮಿತ್ ಕಸುಬನ್ನು ಕಲಿಸುತ್ತಿದ್ದಾರೆ. ಈ ಕಸುಬಿಗೂ ಶಾಲೆ ಇರಬಹುದು ಎಂದು ಆ ದೇಶ ಒಪ್ಪಿಕೊಂಡು ಮುಕ್ಕಾಲು ಶತಮಾನವಾಯಿತು. ನಮ್ಮಲ್ಲಿ ಬಂದೂಕಿನ ಶಾಲೆ ಬೇಕಿಲ್ಲ. ನಿಖರತೆಯ ಶಾಲೆಗಳು ನಮ್ಮಲ್ಲಿ ಮೊದಲಿನಿಂದಲೂ ಇವೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ನೆರವಿನಿಂದ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹುಟ್ಟಿದಾಗ ಲೇತ್ ಮಾಡುವುದರ ಜೊತೆಗೆ ಲೇತ್ ಮಾಡುವವರನ್ನೂ ತಯಾರು ಮಾಡಿತು. ಲೇತಿನ ಹಾಸುಗಳನ್ನು ಕೈಯಿಂದ ಸ್ಕ್ರೇಪ್ ಮಾಡುತ್ತಿದ್ದ ಆ ತಲೆಮಾರಿನವರು ಬೆಂಗಳೂರಿನ ಸಣ್ಣ ಕಾರ್ಖಾನೆಗಳಿಗೆ ಹರಡಿಕೊಂಡರು. ಇಂದು ಈ ನಗರ ದೇಶದ ಯಂತ್ರೋಪಕರಣ ತಯಾರಿಕೆಯ ಮುಖ್ಯ ಕೇಂದ್ರಗಳಲ್ಲಿ ಒಂದಾಗಿದ್ದರೆ ಅದರಲ್ಲಿ ಅವರ ಕೈಗಳ ಪಾಲು ದೊಡ್ಡದು. ಹಾಗೆಂದು ಸ್ಕ್ರೇಪಿಂಗ್ ಮುಗಿದ ಕಥೆಯೂ ಅಲ್ಲ. ಜಪಾನಿನ ಯಾಸ್ದಾ, ಮಿತ್ಸುಯಿ ಸೈಕಿಯಂಥ ಕಂಪನಿಗಳು ತಮ್ಮ ಅತಿ ದುಬಾರಿ ಸಿಎನ್‌ಸಿ ಯಂತ್ರಗಳ ಮೈಯನ್ನು ಇಂದಿಗೂ ಕೈಯಿಂದ ಕೆರೆದು ಹೊಂದಿಸುತ್ತವೆ, ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಅರ ಬೇಡ ಎಂದು ಹೇಳುವವರು ಕೊಳ್ಳಲು ಆಸೆಪಡುವ ಯಂತ್ರದ ಹೊಟ್ಟೆಯೊಳಗೇ ಆ ಕೈಕೆಲಸ ಕೂತಿದೆ.

ಐಟಿಐ, ಡಿಪ್ಲೊಮಾ ಪಠ್ಯ ರೂಪಿಸುವವರಲ್ಲಿ ನನ್ನ ಕೋರಿಕೆ ಇದು: ಸಿಎನ್‌ಸಿಗೆ ಸಮಯ ಬೇಕೆಂದು ಬೆಂಚಿನ ಗಂಟೆಗಳನ್ನು ಕತ್ತರಿಸಬೇಡಿ. ಕತ್ತರಿಸಲೇಬೇಕೆಂದಿದ್ದರೆ ಬೇರೆಯದನ್ನು ಕತ್ತರಿಸಿ. ಮೊದಲ ವರ್ಷದ ಹುಡುಗ ಹುಡುಗಿಯರ ಕೈಗೆ ಒಂದು ಅರ, ಒಂದು ಟ್ರೈಸ್ಕ್ವೇರ್, ಬಣ್ಣ ಸವರಿದ ಒಂದು ಸರ್ಫೇಸ್ ಪ್ಲೇಟ್, ಒಂದು ಡಯಲ್ ಗೇಜ್ ಕೊಡಿ. ತಾವು ಮಾಡಿದ್ದನ್ನು ತಾವೇ ಅಳೆದು, ತಪ್ಪಿನ ಅಂಕಿಯನ್ನು ತಾವೇ ಬರೆದಿಡುವಂತೆ ಮಾಡಿ. ಸ್ವಂತ ವರ್ಕ್‌ಶಾಪ್ ತೆರೆಯಲು ಹೊರಟಿರುವ ಯುವಕರಿಗೂ ಅದೇ ಮಾತು: ಕೈಯಲ್ಲಿರುವ ದುಡ್ಡಿನಲ್ಲಿ ದೊಡ್ಡ ಯಂತ್ರ ಬರುತ್ತದೆ ಎಂದಾದರೆ ಒಂದು ಸೈಜು ಚಿಕ್ಕದನ್ನು ಕೊಳ್ಳಿ, ಉಳಿದದ್ದನ್ನು ಅಳತೆಯ ಸಾಧನಗಳಿಗೆ ಹಾಕಿ.